ಗೂಡುದೀಪ ಸೊಟ್ಟಗಾಗಿದೆಯೇ? ಕಾಗದ ಕೀಳುವ ಮೊದಲು ಕರ್ಣ ಅಳೆಯಿರಿ

ನವರಾತ್ರಿ ಮುಗಿದು ಮಳೆ ಹಿಂದೆ ಸರಿಯತೊಡಗಿದರೆ ಕರಾವಳಿಯಲ್ಲಿ ಗೂಡುದೀಪದ ಕೆಲಸ ಶುರು. ನರಕ ಚತುರ್ದಶಿಯ ಹೊತ್ತಿಗೆ ಅದು ಅಂಗಳದಲ್ಲಿ ಏರಿರಬೇಕು. ಎಷ್ಟೋ ಮನೆಗಳಲ್ಲಿ ಉತ್ಥಾನ ದ್ವಾದಶಿಯ ತುಳಸಿ ಪೂಜೆ ಮುಗಿಯುವ ತನಕ ಇಳಿಸುವುದಿಲ್ಲ. ಅಂದರೆ ಬಿದಿರು, ನೂಲು, ಹಿಟ್ಟಿನ ಅಂಟು, ತೆಳು ಕಾಗದ ಇಷ್ಟರಿಂದಲೇ ಆದ ವಸ್ತು ಸುಮಾರು ಎರಡು ವಾರ ಹಿಂಗಾರಿನ ಗುಡುಗುಮಳೆ, ಮುಂಜಾವಿನ ಇಬ್ಬನಿ, ಮಧ್ಯಾಹ್ನದ ಬಿಸಿಲು ಎಲ್ಲವನ್ನೂ ತಡೆದುಕೊಳ್ಳಬೇಕು. ಉತ್ತರ ಕರ್ನಾಟಕದ ಆಕಾಶಬುಟ್ಟಿಗೂ ಇದೇ ಪಾಡು. ಅಲ್ಲಿ ತೇವ ಕಡಿಮೆ, ಒಣಗಾಳಿ ಹೆಚ್ಚು, ಅಷ್ಟೇ ವ್ಯತ್ಯಾಸ.

ದೀಪ ಕೆಟ್ಟರೆ ನಾವು ಮೊದಲು ದೂರುವುದು ಕಾಗದವನ್ನು. ತೊಂದರೆ ಕಣ್ಣಿಗೆ ಬೀಳುವುದು ಅಲ್ಲೇ ಆದ್ದರಿಂದ ಅದು ಸಹಜ. ಆದರೆ ಸುಕ್ಕು, ಜೋಲು, ಹರಕು ಇವೆಲ್ಲ ಕಾಗದದ ಮೇಲೆ ತೋರಿದರೂ ಬಹಳಷ್ಟು ಸಲ ಹುಟ್ಟಿರುವುದು ಬಿದಿರುಕಡ್ಡಿಗಳ ಹಂದರದಲ್ಲಿ, ಇಲ್ಲವೇ ಅಂಟಿನಲ್ಲಿ. ಮೂಲ ಹುಡುಕದೆ ಕಾಗದ ಕಿತ್ತು ಹೊಸದು ಹಚ್ಚಿದರೆ ಮರುದಿನ ಅದೇ ಸುಕ್ಕು ಅದೇ ಜಾಗದಲ್ಲಿ ಎದ್ದಿರುತ್ತದೆ.

ಹಾಗಾಗಿ ನಾನು ಯಾರ ದೀಪ ನೋಡಿದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಇದು ಯಾವಾಗ ಕಾಣಿಸಿತು? ಅಂಟಿಸುತ್ತಿರುವಾಗಲೇ ಅಂಚು ಅಲೆಅಲೆಯಾದರೆ ಕಾರಣ ಅಂಟಿನ ನೀರು. ಒಣಗಿದ ಮೇಲೆ ಓರೆ ಸುಕ್ಕು ಬಂದರೆ ಹಂದರ. ನೇತುಹಾಕಿದ ಮೇಲೆ ವಾಲಿದರೆ ಹಗ್ಗ ಅಥವಾ ತಂತಿ. ದೀಪ ಹಚ್ಚಿದ ಮೇಲಷ್ಟೇ ಕಂಡರೆ ಬಲ್ಬು. ನಾಲ್ಕೈದು ದಿನ ಕಳೆದು ಕಂಡರೆ ಹವೆ, ಹುಳ, ಬಣ್ಣ ಈ ಮೂರರಲ್ಲಿ ಒಂದು. ಈ ಒಂದು ಉತ್ತರ ಸಿಕ್ಕಿದರೆ ಹುಡುಕುವ ಕೆಲಸ ಮುಕ್ಕಾಲು ಪಾಲು ಮುಗಿದಂತೆ.

ಇಲ್ಲಿ ಹೇಳುವುದೆಲ್ಲ ಆರು ಚೌಕದ ಗೂಡಿನ ಲೆಕ್ಕದಲ್ಲಿದೆ. ನಾಲ್ಕು ನಾಲ್ಕು ಕಡ್ಡಿಗಳ ಆರು ಚೌಕಗಳನ್ನು ಮೊದಲು ಬೇರೆಬೇರೆಯಾಗಿ ಕಟ್ಟಿ, ಮೂಲೆಗೆ ಮೂಲೆ ಸೇರಿಸಿ ಬಿಗಿಯುವ ಗೂಡು ಅದು. ಆರು ಚೌಕಗಳ ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಮೂಡುತ್ತವೆ. ಒಟ್ಟು 24 ಕಡ್ಡಿ, 12 ಕೂಡುಮೂಲೆ. ನಕ್ಷತ್ರ, ಷಟ್ಕೋನ, ದೋಣಿ ಯಾವ ಆಕಾರ ಮಾಡಿದರೂ ಕಾರಣಗಳು ಇವೇ. ಕಲಿಯುವವರಿಗೆ ಮಾತ್ರ ಈ ಗೂಡಿನಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಮಂಗಳೂರಿನ ಕುದ್ರೋಳಿಯಲ್ಲಿ ದೀಪಾವಳಿ ಹೊತ್ತಿಗೆ ನಡೆಯುವ ಗೂಡುದೀಪ ಸ್ಪರ್ಧೆಯಲ್ಲಿ ಸಾಂಪ್ರದಾಯಿಕ ದೀಪಗಳಿಗೇ ಬೇರೆ ವಿಭಾಗವಿದೆ. ಅಲ್ಲಿಗೆ ಹೋದರೆ ಗೂಡುಗಳ ಮೂಲೆಗಳನ್ನು ಹತ್ತಿರದಿಂದ ನೋಡಿ ಬನ್ನಿ.

ಗೂಡು ತಿರುಚಿಕೊಂಡಿದೆ

ಇದು ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ, ಮಕ್ಕಳ ಕಣ್ಣಲ್ಲಿ ಎಲ್ಲಕ್ಕಿಂತ ಹೆಚ್ಚು ನೀರು ತರಿಸುವ ದೋಷ. ಕಡ್ಡಿಗಳನ್ನು ಅಳೆದೇ ಕತ್ತರಿಸಿರುತ್ತಾರೆ, ಗಂಟು ಬಿಗಿಯಾಗಿಯೇ ಇರುತ್ತದೆ, ಆದರೂ ಗೂಡು ಒಂದು ಕಡೆಗೆ ಹಿಂಡಿದಂತೆ ನಿಂತಿರುತ್ತದೆ.

ಪರೀಕ್ಷೆ ಸುಲಭ. ಕಾಗದ ಹಚ್ಚದ ಹಂದರವನ್ನು ಒಂದು ತ್ರಿಕೋನದ ಮೇಲೆ ನೆಲಕ್ಕೆ ಕೂರಿಸಿ, ಮೇಲೆ ಬರುವ ಎದುರು ತ್ರಿಕೋನವನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಗೂಡು ತಿರುಗುತ್ತ ಕುಸಿಯುತ್ತದೆ. ಕೈ ಬಿಟ್ಟರೆ ಅರ್ಧಂಬರ್ಧ ಮೇಲೇಳುತ್ತದೆ. ಗಂಟುಗಳನ್ನು ಎಷ್ಟೇ ಬಿಗಿದರೂ ಇದು ನಿಲ್ಲುವುದಿಲ್ಲ, ಯಾಕೆಂದರೆ ತಪ್ಪು ಗಂಟಿನದಲ್ಲ. ಮೂರು ಕಡ್ಡಿಯ ತ್ರಿಕೋನದ ಆಕಾರ ಬದಲಾಗಲು ಸಾಧ್ಯವೇ ಇಲ್ಲ. ನಾಲ್ಕು ಕಡ್ಡಿಯ ಚೌಕ ಹಾಗಲ್ಲ, ಮೂಲೆ ಹಿಡಿದು ಎಳೆದರೆ ವಜ್ರಾಕಾರಕ್ಕೆ ತಿರುಗುತ್ತದೆ. ಲೆಕ್ಕವೂ ಅದನ್ನೇ ಹೇಳುತ್ತದೆ: 12 ಮೂಲೆಗಳಿರುವ ಹಂದರ ಅಲುಗಾಡದೆ ನಿಲ್ಲಲು ಕನಿಷ್ಠ 30 ಕಡ್ಡಿ ಬೇಕು, ನಮ್ಮಲ್ಲಿರುವುದು 24. ಕೊರತೆ ಆರು, ಚೌಕಗಳೂ ಆರು. ಪ್ರತಿ ಚೌಕಕ್ಕೆ ಮೂಲೆಯಿಂದ ಎದುರು ಮೂಲೆಗೆ ಒಂದೊಂದು ಕರ್ಣ ಕೊಟ್ಟರೆ ಗೂಡು ಕಲ್ಲಿನಂತೆ ನಿಲ್ಲುತ್ತದೆ.

ಕರ್ಣಕ್ಕೆ ಕಡ್ಡಿಯೇ ಬೇಕೆಂದಿಲ್ಲ, ಬಿಳಿ ನೂಲು ಸಾಕು. ಆದರೆ ನೂಲಿಗೆ ಎಳೆತವನ್ನಷ್ಟೇ ತಡೆಯಲು ಗೊತ್ತು, ಒತ್ತನ್ನಲ್ಲ. ಆದ್ದರಿಂದ ಒಂದು ಚೌಕಕ್ಕೆ ಎರಡು ನೂಲು, ಅಡ್ಡಡ್ಡ ಕಟ್ಟಬೇಕು. ಮೇಲಿನ ಚೌಕದಲ್ಲಿ ಬಲ್ಬಿನ ಹೋಲ್ಡರ್ ಹೊರುವ ಕಡ್ಡಿಯನ್ನು ಅಂಚಿನಿಂದ ಅಂಚಿಗೆ ಕಟ್ಟದೆ ಮೂಲೆಯಿಂದ ಮೂಲೆಗೆ ಕಟ್ಟಿ, ಒಂದೇ ಕಡ್ಡಿ ಎರಡು ಕೆಲಸ ಮಾಡುತ್ತದೆ. ಕೆಳಗಿನ ಚೌಕ ಬಲ್ಬು ಬದಲಿಸಲು ತೆರೆದಿರಬೇಕಾದ್ದರಿಂದ ಅಲ್ಲಿಯೂ ಒಂದೇ ಕರ್ಣದ ಕಡ್ಡಿ ಹಾಕಿದರೆ ಕೈ ಹೋಗುವಷ್ಟು ಜಾಗ ಉಳಿಯುತ್ತದೆ. ರಾತ್ರಿ ನೂಲಿನ ನೆರಳು ಕಾಣುತ್ತದಲ್ಲ ಎಂದು ಕೆಲವರು ಹಿಂಜರಿಯುತ್ತಾರೆ. ಕತ್ತರಿಸಿ ಅಂಟಿಸುವ ಬಿಳಿ ಚಿತ್ತಾರದ ಎಸಳುಗಳನ್ನು ಕರ್ಣದ ಗುಂಟ ಕೂರಿಸಿದರೆ ಆ ನೆರಳು ಚಿತ್ತಾರದೊಳಗೇ ಅಡಗುತ್ತದೆ. ಹಳೆಯ ಗೂಡುದೀಪಗಳಲ್ಲಿ ಚೌಕದ ನಡುವೆ ಹೂವು, ನಾಲ್ಕು ಮೂಲೆಗೆ ಚಾಚಿದ ಎಸಳು ಇರುವುದು ನೋಡಿದಾಗಲೆಲ್ಲ ಅದು ಬರಿಯ ಅಂದಕ್ಕಾಗಿ ಇಟ್ಟದ್ದಲ್ಲ ಎಂದು ನನಗೆ ಅನ್ನಿಸುತ್ತದೆ.

ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಕಡ್ಡಿ 30 ಸೆಂಟಿಮೀಟರ್ ಇದ್ದರೆ ಚೌಕದ ಎರಡೂ ಕರ್ಣ 42.4 ಸೆಂಟಿಮೀಟರ್ ಬರಬೇಕು. ಮೇಲಿನ ಚೌಕದಿಂದ ಕೆಳಗಿನ ಚೌಕಕ್ಕೆ ಇರುವ ಎತ್ತರವೂ 42.4. ಗೂಡಿನ ನಡುವಿನ ಮೂಲಕ ಒಂದು ಮೂಲೆಯಿಂದ ನೇರ ಎದುರಿನ ಮೂಲೆಗೆ 60, ಅಂದರೆ ಸರಿಯಾಗಿ ಎರಡು ಕಡ್ಡಿಯ ಉದ್ದ. ಈ ಮೂರನೆಯ ಅಳತೆಗೆ ಲೆಕ್ಕವೇ ಬೇಡ: ಎರಡು ಕಡ್ಡಿಗಳನ್ನು ಉದ್ದಕ್ಕೆ ಕಟ್ಟಿ ಒಳಗೆ ತೂರಿಸಿ ನೋಡಿದರೆ ಸಾಕು.

ಹೋದ ಸಲ ಪಕ್ಕದ ಮನೆಯ ಹುಡುಗಿ ತನ್ನ ದೀಪವನ್ನು ಎತ್ತಿಕೊಂಡು ಬಂದಳು. ಹಸಿರು ಮತ್ತು ಕೇಸರಿ ಗಾಳಿಪಟದ ಕಾಗದ, ಕೆಲಸ ಬಲು ಅಚ್ಚುಕಟ್ಟು. ಆದರೆ ಒಂದು ಚೌಕದಲ್ಲಿ ಎಡಗೆಳಗಿನಿಂದ ಬಲಮೇಲಕ್ಕೆ ಮೂರು ಸುಕ್ಕು. ಆ ಕಾಗದವನ್ನು ಅವಳು ಆಗಲೇ ಒಮ್ಮೆ ಬದಲಿಸಿಯೂ ಇದ್ದಳು. ಟೇಪು ಹಿಡಿದರೆ ಸುಕ್ಕು ಓಡಿದ ಕರ್ಣ 44 ಸೆಂಟಿಮೀಟರ್, ಇನ್ನೊಂದು 41ಕ್ಕಿಂತ ಚೂರು ಕಡಿಮೆ. ಕಾಗದಕ್ಕೆ ಕೈ ಹಚ್ಚಲೇ ಇಲ್ಲ. ಗೂಡಿಗೆಲ್ಲ ಸಣ್ಣ ಹನಿಯಾಗಿ ನೀರು ಸಿಂಪಡಿಸಿ ಕಾಗದ ಮೆತ್ತಗಾಗುವ ತನಕ ಕಾದೆವು. ಉದ್ದವಾಗಿದ್ದ ಕರ್ಣದ ಎರಡು ಮೂಲೆಗಳಿಗೆ ಹೊರಗಿನಿಂದ ನೂಲು ಕಟ್ಟಿ, ಎರಡೂ ಕರ್ಣ ಸಮವಾಗುವವರೆಗೆ ಎಳೆದು ಗಂಟು ಹಾಕಿದೆವು. ಎದುರಿನ ಚೌಕಕ್ಕೂ ಹಾಗೆಯೇ ಮಾಡಿದೆವು, ಯಾಕೆಂದರೆ ಒಂದು ಚೌಕ ವಾಲಿದರೆ ಉಳಿದವೂ ವಾಲಿರುತ್ತವೆ. ಫ್ಯಾನಿನ ನೇರ ಗಾಳಿ ತಾಗದ ಮೂಲೆಯಲ್ಲಿ ಒಣಗಿದ ಮೇಲೆ ಸುಕ್ಕು ಮಾಯವಾಗಿತ್ತು. ಒಣಗಿದ ಕಾಗದ ತಾನೇ ಕರ್ಣದ ಕೆಲಸ ಮಾಡುತ್ತದೆ; ಹಂದರ ಸೊಟ್ಟಗಿದ್ದಾಗ ಒಣಗಿದರೆ ಸೊಟ್ಟವನ್ನೇ ಹಿಡಿದಿಡುತ್ತದೆ, ನೆಟ್ಟಗಿದ್ದಾಗ ಒಣಗಿದರೆ ನೆಟ್ಟಗೆ.

ಪ್ಲಾಸ್ಟಿಕ್ ಹಾಳೆ ಹಚ್ಚಿದ ಗೂಡಿಗೆ ಈ ನೀರಿನ ಉಪಾಯ ನಡೆಯದು. ಅಲ್ಲಿ ಚೌಕಗಳ ಹಾಳೆ ಮಾತ್ರ ಬಿಡಿಸಿ, ಕರ್ಣ ಕಟ್ಟಿ, ಮತ್ತೆ ಹಚ್ಚಿ. ತ್ರಿಕೋನಗಳನ್ನು ಮುಟ್ಟಬೇಡಿ. ಗೂಡು ಎಷ್ಟೇ ತಿರುಚಿದರೂ ತ್ರಿಕೋನ ತ್ರಿಕೋನವಾಗಿಯೇ ಇರುತ್ತದೆ, ಅದರ ಹಾಳೆಗೆ ಏನೂ ಆಗಿರುವುದಿಲ್ಲ.

ಸುಕ್ಕು ಯಾವ ಕಡೆಗೆ ಓಡಿದೆ

ಸುಕ್ಕು ಎಳೆತದ ದಿಕ್ಕಿಗೆ ಬೀಳುತ್ತದೆ. ಮೂಲೆಯಿಂದ ಮೂಲೆಗೆ ಓಡಿದ್ದರೆ ಆ ಕರ್ಣ ಹಿಗ್ಗಿದೆ, ಅಡ್ಡದ್ದು ಕುಗ್ಗಿದೆ ಎಂದರ್ಥ. ಮೇಲೆ ಹೇಳಿದ್ದು ಅದೇ. ಸುಕ್ಕುಗಳೆಲ್ಲ ಒಂದೇ ಮೂಲೆಯಿಂದ ಬೀಸಣಿಗೆಯ ಹಾಗೆ ಹರಡಿದ್ದರೆ ಆ ಮೂಲೆಯಲ್ಲಿ ಗಂಟು ದಪ್ಪಗಿದೆ ಅಥವಾ ಕಾಗದವನ್ನು ಆ ಮೂಲೆಯಲ್ಲಿ ಮಾತ್ರ ಜಗ್ಗಿ ಅಂಟಿಸಲಾಗಿದೆ. ಗಂಟು ಬರುವ ಕಡೆ ಕಾಗದದ ಮೂಲೆಯನ್ನು ಸ್ವಲ್ಪ ಕತ್ತರಿಸಿ ಬಿಟ್ಟರೆ ಸರಿ.

ಅಂಚಿನ ಗುಂಟ ಮಾತ್ರ ಸಣ್ಣ ಸಣ್ಣ ಅಲೆಗಳಿದ್ದರೆ ಕಾಗದದ ಎಳೆಯನ್ನು ನೋಡಬೇಕು. ಯಂತ್ರದಲ್ಲಿ ತಯಾರಾಗುವ ಕಾಗದದಲ್ಲಿ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ, ಆ ದಿಕ್ಕೇ ಎಳೆ. ನೀರು ಕುಡಿದಾಗ ನಾರು ದಪ್ಪಗಾಗುತ್ತದೆ, ಉದ್ದವಾಗುವುದು ತೀರಾ ಕಡಿಮೆ. ಹಾಗಾಗಿ ಒದ್ದೆಯಾದ ಕಾಗದ ಎಳೆಯ ಉದ್ದಕ್ಕೆ ಅಷ್ಟಾಗಿ ಹಿಗ್ಗದೆ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ. ಎಳೆ ತಿಳಿಯಲು ಒಂದು ಚೂರನ್ನು ಎರಡೂ ದಿಕ್ಕಿಗೆ ಹರಿದು ನೋಡಿ: ನೇರವಾಗಿ ಹರಿದದ್ದು ಎಳೆಯ ದಿಕ್ಕು, ಅಂಕುಡೊಂಕಾಗಿ ಹರಿದದ್ದು ಅಡ್ಡ. ದಿನಪತ್ರಿಕೆಯಲ್ಲಿ ಇದನ್ನು ಯಾರೂ ಒಂದು ನಿಮಿಷದಲ್ಲಿ ಕಲಿಯಬಹುದು.

ಅಲೆ ಬಂದಿರುವುದು ಎಳೆಗೆ ಅಡ್ಡ ಓಡುವ ಎರಡು ಅಂಚುಗಳಲ್ಲಿ ಮಾತ್ರವೇ? ಹಾಗಿದ್ದರೆ ಅಂಟಿನಲ್ಲಿ ನೀರು ಹೆಚ್ಚಾಗಿದೆ. ಅಂಚು ಒದ್ದೆಯಾಗಿ ಹಿಗ್ಗಿತು, ನಡುಭಾಗ ಒಣಗಿಯೇ ಉಳಿಯಿತು, ಹಿಗ್ಗಿದ ಸ್ಥಿತಿಯಲ್ಲೇ ಅಂಚು ಕಡ್ಡಿಗೆ ಕಚ್ಚಿಕೊಂಡಿತು. ಇನ್ನು ಮುಂದೆ ಅಂಟನ್ನು ಕಾಗದಕ್ಕೆ ಹಚ್ಚದೆ ಕಡ್ಡಿಗೆ ಹಚ್ಚಿ, ಅದು ಬೆರಳಿಗೆ ಜಿಗುಟಾಗುವವರೆಗೆ ಬಿಟ್ಟು ಆಮೇಲೆ ಕಾಗದ ಕೂರಿಸಿ. ಈಗಾಗಲೇ ಆದದ್ದಕ್ಕೆ ಮದ್ದು: ಅಂಟು ಪೂರ್ತಿ ಒಣಗಿದ ಮೇಲೆ ಇಡೀ ಮುಖಕ್ಕೆ ಸಮವಾಗಿ ನೀರಿನ ಹನಿ ಸಿಂಪಡಿಸುವುದು. ಗಾಳಿಪಟದ ಕಾಗದ, ಟಿಶ್ಯೂ ಕಾಗದ ಒಣಗುತ್ತ ಕುಗ್ಗಿ ತಮಟೆಯ ಚರ್ಮದಷ್ಟು ಬಿಗಿಯಾಗುತ್ತವೆ. ಕಾಗದದ ವಿಮಾನದ ಮಾದರಿ ಮಾಡುವವರು ರೆಕ್ಕೆ ಬಿಗಿಯಲು ಮಾಡುವುದೂ ಇದನ್ನೇ. ಆದರೆ ಬಣ್ಣ ಬಿಡುವ ಕಾಗದಕ್ಕೆ ಈ ಮದ್ದು ಬೇಡ. ಅದರ ಮಾತು ಮುಂದೆ ಬರುತ್ತದೆ.

ಈ ಬಿಗಿ ಅತಿಯಾದರೆ ತೆಳು ಕಡ್ಡಿಗಳು ಒಳಕ್ಕೆ ಬಾಗುತ್ತವೆ. ತೆಂಗಿನ ಗರಿಕಡ್ಡಿ ಬಳಸಿ ಕಟ್ಟುವ ಸಣ್ಣ ದೀಪಗಳಲ್ಲಿ ಇದು ಸಾಮಾನ್ಯ. ಒಂದೇ ಕಡೆಯಿಂದ ಸಾಲಾಗಿ ಹಚ್ಚುತ್ತ ಹೋಗಬಾರದು. ಒಂದು ಮುಖ ಹಚ್ಚಿದ ಕೂಡಲೇ ಅದರ ಎದುರು ಮುಖ ಹಚ್ಚಿದರೆ ಎಳೆತ ಎರಡೂ ಕಡೆಗೆ ಸಮವಾಗುತ್ತದೆ.

ಅಂಟು ಬಿಡುತ್ತಿದೆ

ಅಂಟು ಬಿಟ್ಟ ಜಾಗವನ್ನು ಮತ್ತೆ ಅಂಟಿಸುವ ಮೊದಲು ಬೆಳಕಿಗೆ ಹಿಡಿದು ನೋಡಿ. ಒಣಗಿದ ಅಂಟು ಯಾವ ಕಡೆ ಉಳಿದಿದೆ ಎಂಬುದರಲ್ಲೇ ಉತ್ತರವಿದೆ.

ಅಂಟೆಲ್ಲ ಕಡ್ಡಿಯ ಮೇಲೇ ಉಳಿದು ಹಾಳೆ ತೊಳೆದಂತೆ ಶುಭ್ರವಾಗಿದ್ದರೆ ತೊಂದರೆ ಹಾಳೆಯದು. ಅಂಗಡಿಯಲ್ಲಿ ಗ್ಲಾಸ್ ಪೇಪರ್ ಎಂದು ಕೊಡುವುದರಲ್ಲಿ ಎರಡು ಜಾತಿಯಿದೆ. ಒಂದು ನಿಜವಾದ ಸೆಲೋಫೇನ್. ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಜಾಕ್ ಬ್ರಾಂಡೆನ್‌ಬರ್ಗರ್ 20ನೇ ಶತಮಾನದ ಆರಂಭದಲ್ಲಿ ಕಂಡುಹಿಡಿದ ಈ ಹಾಳೆ ಮರದ ತಿರುಳಿನ ಸೆಲ್ಯುಲೋಸಿನಿಂದ ಆಗುವಂಥದ್ದು. ಗುಣದಲ್ಲಿ ಕಾಗದದ ದಾಯಾದಿ, ಹಿಟ್ಟಿನ ಅಂಟನ್ನು ಹಿಡಿಯುತ್ತದೆ. ಇನ್ನೊಂದು, ಈಗ ಹೆಚ್ಚಾಗಿ ಸಿಗುವುದು, ಪ್ಲಾಸ್ಟಿಕ್. ನೋಡಲು ಎರಡೂ ಒಂದೇ. ಒಂದು ಚೂರನ್ನು ನೀರಿನಲ್ಲಿ ಹಾಕಿ: ಸೆಲೋಫೇನ್ ಮೆತ್ತಗಾಗಿ ಮುದುರುತ್ತದೆ, ಪ್ಲಾಸ್ಟಿಕ್ ಹಾಕಿದಂತೆಯೇ ಇರುತ್ತದೆ. ಇನ್ನೂ ಅನುಮಾನವಿದ್ದರೆ ದೊಡ್ಡವರು ಇಕ್ಕಳದಲ್ಲಿ ಹಿಡಿದು ಉಗುರಗಲದ ಚೂರನ್ನು ಸುಟ್ಟು ನೋಡಬಹುದು. ಸೆಲೋಫೇನ್ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪ್ಲಾಸ್ಟಿಕ್ ಕರಗಿ ಗುಂಡಾಗುತ್ತದೆ. ಪ್ಲಾಸ್ಟಿಕ್ಕಿಗೆ ಮೈದಾ ಅಂಟು ಯಾವ ಕಾಲಕ್ಕೂ ಹಿಡಿಯದು. ಬಿಳಿ ಫೆವಿಕಾಲ್ ಕೂಡ ಒಣಗಿದ ಮೇಲೆ ಸಿಪ್ಪೆಯಂತೆ ಏಳುತ್ತದೆ. ಎರಡು ಬದಿಯ ಅಂಟುಪಟ್ಟಿ ಬಳಸಿ, ಇಲ್ಲವೇ ಹಾಳೆಯನ್ನು ಕಡ್ಡಿಗೆ ಒಂದು ಸುತ್ತು ಸುತ್ತಿ ಅದರ ಮೇಲೆ ಕಾಗದದ ಪಟ್ಟಿ ಬಿಗಿಯಿರಿ. ನನ್ನನ್ನು ಕೇಳಿದರೆ ಗಾಳಿಪಟದ ಕಾಗದಕ್ಕೆ ಮರಳಿ ಎನ್ನುತ್ತೇನೆ. ಬೆಳಕನ್ನು ಅದು ಹರಡುವಷ್ಟು ಮೃದುವಾಗಿ ಪ್ಲಾಸ್ಟಿಕ್ ಎಂದೂ ಹರಡದು.

ಅಂಟು ಹಾಳೆಯ ಜೊತೆ ಎದ್ದು ಬಂದು ಕಡ್ಡಿ ನುಣುಪಾಗಿ ಹೊಳೆಯುತ್ತಿದ್ದರೆ ತೊಂದರೆ ಕಡ್ಡಿಯದು. ಬಿದಿರಿನ ಹೊರಸಿಪ್ಪೆಗೆ ಮೇಣದ ಲೇಪವಿದೆ, ಅದರ ಮೇಲೆ ಅಂಟು ಕೂರುವುದಿಲ್ಲ. ಸಿಪ್ಪೆಯ ಮಗ್ಗುಲನ್ನು ಒಳಗೆ ತಿರುಗಿಸಿ ಕಟ್ಟಬೇಕಿತ್ತು. ಕಟ್ಟಿ ಆಗಿದ್ದರೆ ಆ ಮಗ್ಗುಲನ್ನು ಚಾಕುವಿನಿಂದ ಕೆರೆದು ಒರಟು ಮಾಡಿ, ಇಲ್ಲವೇ ಕಡ್ಡಿಗೆ ಮೊದಲು ತೆಳುವಾದ ದಿನಪತ್ರಿಕೆಯ ಪಟ್ಟಿ ಸುತ್ತಿ ಒಣಗಿಸಿ ಆಮೇಲೆ ಬಣ್ಣದ ಕಾಗದ ಹಚ್ಚಿ.

ಎರಡೂ ಕಡೆ ಬಿಳಿ ಪುಡಿ ಉಳಿದಿದ್ದರೆ ಅಂಟು ಬೆಂದಿಲ್ಲ. ಮೈದಾದಲ್ಲಿರುವ ಪಿಷ್ಟ ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರು ಕುಡಿದು ಉಬ್ಬಿ ಒಡೆದಾಗಲೇ ಅಂಟಾಗುವುದು. ಅದಕ್ಕೆ ಮೊದಲೇ ಇಳಿಸಿದರೆ ಅದು ಹಿಟ್ಟಿನ ನೀರು, ಅಷ್ಟೇ. ಒಂದು ಲೋಟ ಮೈದಾಕ್ಕೆ ನಾಲ್ಕರಿಂದ ಐದು ಲೋಟ ನೀರು. ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತ ಇರಿ. ಸುಣ್ಣದಂಥ ಬಿಳುಪು ಹೋಗಿ ಅರೆಪಾರದರ್ಶಕ ಹೊಳಪು ಬಂದು, ಸೌಟಿನಿಂದ ದಾರದಂತೆ ಇಳಿಯತೊಡಗಿದರೆ ಬೆಂದಿದೆ. ಕೆನೆ ಕಟ್ಟಿದರೆ ತೆಗೆದು ಬಿಸಾಡಿ. ಆ ಕೆನೆಯ ಚೂರುಗಳೇ ಕಾಗದದ ಕೆಳಗೆ ಗಂಟುಗಳಾಗಿ ರಾತ್ರಿ ಬೆಳಕಿನಲ್ಲಿ ಎದ್ದು ಕಾಣುತ್ತವೆ.

ಕಾಗದದ ನಾರು ಕಡ್ಡಿಯ ಮೇಲೆ ಉಳಿದು ಕಾಗದವೇ ಹರಿದಿದ್ದರೆ ಅಂಟು ಉತ್ತಮವಾಗಿದೆ. ಅಲ್ಲಿ ಎಳೆತ ಹೆಚ್ಚಾಗಿದೆ. ಕಲಬುರಗಿ, ವಿಜಯಪುರದ ಒಣ ಮಧ್ಯಾಹ್ನಗಳಲ್ಲಿ ಇದನ್ನು ನಿರೀಕ್ಷಿಸಬಹುದು. ಅಲ್ಲಿ ಕಾಗದವನ್ನು ಜಗ್ಗದೆ ಚೂರು ಸಡಿಲವಾಗಿಯೇ ಹಚ್ಚಬೇಕು.

ಅಂಟಿಗೆ ಮೈಲುತುತ್ತ ಹಾಕುವ ಹಳೆಯ ರೂಢಿಯ ಬಗ್ಗೆ ಒಂದು ಮಾತು. ಅದು ಬೂಷ್ಟನ್ನೂ ಹುಳವನ್ನೂ ತಡೆಯುತ್ತದೆ, ನಿಜ. ಆದರೆ ಅದು ವಿಷ, ಮತ್ತು ಗೂಡುದೀಪಕ್ಕೆ ಅಂಟು ಹಚ್ಚುವವರು ಮನೆಯ ಮಕ್ಕಳು, ಬೆರಳಿನಿಂದಲೇ ಹಚ್ಚುವವರು. ಮಕ್ಕಳು ಕುಳಿತ ಕೆಲಸಕ್ಕೆ ಅದು ಬೇಡವೇ ಬೇಡ. ಅಂದಂದಿನ ಅಂಟನ್ನು ಅಂದಂದೇ ಬೇಯಿಸಿ. ಹುಳಿ ವಾಸನೆ ಬಂದ ಅಂಟನ್ನು ಬಳಸಬೇಡಿ.

ಸಂಜೆ ಜೋಲು, ಮಧ್ಯಾಹ್ನ ಬಿಗಿ

ಇದು ದೋಷವೇ ಅಲ್ಲ. ಕಾಗದವೂ ಸೆಲೋಫೇನೂ ಗಾಳಿಯ ತೇವ ಕುಡಿದು ಹಿಗ್ಗುತ್ತವೆ, ಬಿಸಿಲಿಗೆ ಒಣಗಿ ಕುಗ್ಗುತ್ತವೆ. ಮಂಗಳೂರು, ಉಡುಪಿ, ಕಾರವಾರದ ಅಕ್ಟೋಬರ್ ಸಂಜೆಗಳಲ್ಲಿ ಚೂರು ಜೋಲು ಬಾರದ ಕಾಗದವಿಲ್ಲ. ದೀಪ ಹಚ್ಚಿ ಅರ್ಧ ಗಂಟೆ ಬಿಟ್ಟು ನೋಡಿ, ಬಹುಪಾಲು ಸರಿಹೋಗಿರುತ್ತದೆ. ಮಧ್ಯಾಹ್ನವೂ ಜೋಲಾಗಿಯೇ ಇದ್ದರೆ ಮಾತ್ರ ಯೋಚಿಸಿ. ಆಗ ಗಂಟು ಸಡಿಲವಾಗಿದೆ. ಹಸಿ ಬಿದಿರಿನಲ್ಲಿ ಕಟ್ಟಿದ ಗೂಡಿಗೆ ಇದು ತಪ್ಪಿದ್ದಲ್ಲ: ಒಣಗುತ್ತ ಕಡ್ಡಿ ಸೊರಗುತ್ತದೆ, ಅದರ ಸುತ್ತ ಬಿಗಿದ ನೂಲಿಗೆ ಹಿಡಿತ ತಪ್ಪುತ್ತದೆ. ಗಂಟುಗಳ ಮೇಲೆ ಒಂದೊಂದು ಹನಿ ಫೆವಿಕಾಲ್ ಬಿಟ್ಟು ಒಣಗಿಸಿದರೆ ಈ ವರ್ಷಕ್ಕೆ ಸಾಕು. ಮುಂದಿನ ವರ್ಷ ಬಿದಿರನ್ನು ಸೀಳಿ, ನೆರಳಲ್ಲಿ ಒಣಗಲು ಬಿಟ್ಟು, ಆಮೇಲೆ ಕಟ್ಟಿ.

ನೇತುಹಾಕಿದ ಮೇಲೆ ವಾಲಿದೆ

ಬಲ್ಬು, ತಂತಿ, ಬಾಲಂಗೋಚಿ ಎಲ್ಲ ಬಿಚ್ಚಿ ಬರಿಯ ಗೂಡನ್ನು ತೂಗುಹಾಕಿ. ಆಗಲೂ ವಾಲಿದರೆ ಮೇಲಿನ ಚೌಕದ ನಾಲ್ಕು ಮೂಲೆಗೆ ಕಟ್ಟಿದ ದಾರಗಳು ಸಮವಿಲ್ಲ. ಎರಡೇ ಮೂಲೆಗೆ ದಾರ ಕಟ್ಟಿದವರು ಇದ್ದಾರೆ. ಅದು ಚೌಕವನ್ನೇ ಜಗ್ಗಿ ವಜ್ರ ಮಾಡುತ್ತದೆ, ನಾಲ್ಕಕ್ಕೂ ಕಟ್ಟಲೇಬೇಕು. ನೆಟ್ಟಗೆ ನಿಂತರೆ ಒಂದೊಂದಾಗಿ ಸೇರಿಸುತ್ತ ಬನ್ನಿ. ಸಾಮಾನ್ಯವಾಗಿ ಕಳ್ಳ ಸಿಗುವುದು ತಂತಿ ಸೇರಿಸಿದಾಗ. ಗೂಡಿನ ಭಾರ ಹಗ್ಗದ ಮೇಲಿರಬೇಕು, ತಂತಿ ಸಡಿಲವಾಗಿ ತೂಗಬೇಕು. ಇದು ಬರಿಯ ಅಂದದ ಪ್ರಶ್ನೆಯಲ್ಲ. ಭಾರ ಹೊತ್ತ ತಂತಿ ಹೋಲ್ಡರಿನೊಳಗೆ ಕಳಚಿಕೊಳ್ಳುತ್ತದೆ, ಮಳೆ ಬಂದಾಗ ಅದೇ ಅಪಾಯ. ತಂತಿ ಹೋಲ್ಡರಿಗೆ ಸೇರುವ ಮೊದಲು ಒಮ್ಮೆ ಕೆಳಕ್ಕೆ ಬಾಗಿ ಮೇಲೆ ಬರಲಿ. ತಂತಿಯ ಗುಂಟ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಬಯಲಿನಲ್ಲಿ ತಂತಿಗೆ ಜೋಡಣೆ ಇರಕೂಡದು.

ಬಾಲಂಗೋಚಿಗಳು ಸುರುಳಿ ಸುತ್ತಿಕೊಳ್ಳುತ್ತಿದ್ದರೆ ಅವನ್ನು ಎಳೆಗೆ ಅಡ್ಡವಾಗಿ ಕತ್ತರಿಸಿದ್ದೀರಿ. ಎಳೆಯ ಉದ್ದಕ್ಕೆ ಕತ್ತರಿಸಿದ ಪಟ್ಟಿ ನೇರ ಇಳಿಯುತ್ತದೆ, ಗಾಳಿಗೆ ಹರಿಯುವುದೂ ಕಡಿಮೆ.

ದೀಪ ಹಚ್ಚಿದರೆ ಕಾಣುವ ತೊಂದರೆಗಳು

ಗೂಡಿನ ಮೇಲರ್ಧ ಕತ್ತಲೆ, ಕೆಳಗರ್ಧ ಬೆಳಕು. ಈಚಿನ ವರ್ಷಗಳಲ್ಲಿ ಇದನ್ನು ಹೆಚ್ಚು ನೋಡುತ್ತಿದ್ದೇನೆ, ಕಾರಣ ಎಲ್‌ಇಡಿ ಬಲ್ಬು. ಹಳೆಯ ಬುರುಡೆ ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತಿತ್ತು. ಸಾಧಾರಣ ಎಲ್‌ಇಡಿ ಬಲ್ಬಿನ ಅರ್ಧಭಾಗ ಅಪಾರದರ್ಶಕ ಬುಡ, ಬೆಳಕೆಲ್ಲ ಮೂತಿಯ ಕಡೆಗೆ. ತಲೆಕೆಳಗಾಗಿ ತೂಗಿದರೆ ಮೇಲಿನ ತ್ರಿಕೋನಗಳಿಗೆ ಬೆಳಕೇ ಮುಟ್ಟದು. ಗಾಜಿನ ಬುರುಡೆಯೊಳಗೆ ಉದ್ದ ಎಳೆಗಳಿರುವ ಎಲ್‌ಇಡಿ ಬಲ್ಬು ಸಿಗುತ್ತದೆ, ಅದು ಸುತ್ತಲೂ ಬೆಳಗುತ್ತದೆ. ಅದಿಲ್ಲದಿದ್ದರೆ ಕೆಳಗಿನ ಚೌಕದ ಒಳಮಗ್ಗುಲಿಗೆ ಒಂದು ಬಿಳಿ ಹಾಳೆ ಇಟ್ಟರೂ ಸ್ವಲ್ಪ ಬೆಳಕು ಮೇಲಕ್ಕೆ ಮರಳುತ್ತದೆ.

ಕೆಂಪು ಕಾಗದ ಮಂಕಾಗಿ ಕಂದಿದಂತೆ ಕಾಣುತ್ತಿದ್ದರೆ ಕಾಗದ ಬದಲಿಸಬೇಡಿ, ಬಲ್ಬು ಬದಲಿಸಿ. 6500 ಕೆಲ್ವಿನ್ ಎಂದು ಬರೆದಿರುವ ನೀಲಿಛಾಯೆಯ ಬಿಳಿ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಕೆಂಪು ಕಾಗದಕ್ಕೆ ಹೊರಗೆ ಬಿಡಲು ಬೆಳಕೇ ಇರುವುದಿಲ್ಲ. 2700 ಅಥವಾ 3000 ಕೆಲ್ವಿನ್ನಿನ ಹಳದಿಛಾಯೆಯದು ಹಾಕಿದ ಕ್ಷಣ ಕೆಂಪು, ಕೇಸರಿ, ಹಳದಿ ಮೂರೂ ಎದ್ದು ನಿಲ್ಲುತ್ತವೆ. ನೀಲಿ ಕಾಗದದ ಗೂಡಿಗೆ ಇದು ತಿರುಗುಮುರುಗು.

ಬಲ್ಬಿನ ಚುಕ್ಕೆ ಕಣ್ಣಿಗೆ ಚುಚ್ಚುತ್ತಿದ್ದರೆ ಬಲ್ಬಿನ ಸುತ್ತ ಒಂದಿಷ್ಟು ದೂರದಲ್ಲಿ ಬಟರ್ ಪೇಪರಿನ ಕೊಳವೆ ನಿಲ್ಲಿಸಿ. ಕಾಗದದ ಮೇಲೆ ಕಂದು ಕಲೆ ಬಂದಿದ್ದರೆ ಆ ಕ್ಷಣವೇ ದೀಪ ಆರಿಸಿ. ಬುರುಡೆ ಬಲ್ಬು ಎಳೆಯುವ ವಿದ್ಯುತ್ತಿನಲ್ಲಿ ತೊಂಬತ್ತು ಪಾಲು ಶಾಖವಾಗಿಯೇ ಹೋಗುತ್ತದೆ. ಕಾಗದಕ್ಕೆ ತಾಗಿದ ಬಲ್ಬು ಮೊದಲು ಕಲೆ ಮಾಡುತ್ತದೆ, ಆಮೇಲೆ ಸುಡುತ್ತದೆ. ಕಾಗದದ ಗೂಡಿಗೆ 5 ವಾಟಿನ ಎಲ್‌ಇಡಿ ಧಾರಾಳ ಸಾಕು. ಯಾವ ಬಲ್ಬಾದರೂ ಮೇಲಿನ ಚೌಕವನ್ನು ಪೂರ್ತಿ ಮುಚ್ಚಬೇಡಿ, ಬಿಸಿಗಾಳಿಗೆ ದಾರಿ ಬೇಕು. ಒಳಗೆ ಎಣ್ಣೆಯ ಹಣತೆ ಇಡುವ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಗಾಳಿಗೆ ಓಲಾಡುವ ಕಾಗದದ ಗೂಡಿನಲ್ಲಿ ತೆರೆದ ಜ್ವಾಲೆ ಇಡಬಾರದು. ಹಣತೆ ತುಳಸಿಕಟ್ಟೆಯ ಮೇಲಿರಲಿ.

ಬಣ್ಣ ಇಳಿದಿದೆ, ಬಣ್ಣ ಹರಡಿದೆ

ಎರಡೂ ಬೇರೆ. ಬಿಸಿಲಿನ ಕಡೆಯ ಮುಖ ಮಾತ್ರ ಪೇಲವವಾಗಿದ್ದರೆ ಅದು ಬಿಸಿಲಿನ ಕೆಲಸ. ಗುಲಾಬಿ, ನೇರಳೆಯಂಥ ಬಣ್ಣಗಳು ಬೇಗ ಸೋಲುತ್ತವೆ. ನಡುವೆ ಒಮ್ಮೆ ಗೂಡನ್ನು ತಿರುಗಿಸಿ ಕಟ್ಟಿದರೆ ಎಲ್ಲ ಮುಖಗಳೂ ಸಮವಾಗಿ ಮಾಗುತ್ತವೆ. ಬಣ್ಣ ಪಕ್ಕದ ಬಿಳಿ ಚಿತ್ತಾರಕ್ಕೆ ಇಳಿದಿದ್ದರೆ ಅದು ನೀರಿಗೆ ಬಿಡುವ ಬಣ್ಣ. ಕ್ರೇಪ್ ಮತ್ತು ಟಿಶ್ಯೂ ಕಾಗದಗಳಲ್ಲಿ ಇದು ಹೆಚ್ಚು. ಕೊಳ್ಳುವಾಗಲೇ ಒಂದು ಚೂರನ್ನು ಒದ್ದೆ ಹತ್ತಿಯಿಂದ ಉಜ್ಜಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಆ ಕಾಗದವನ್ನು ಜಗಲಿಯ ಒಳಗಿನ ತೋರಣಕ್ಕೆ ಇಟ್ಟುಕೊಳ್ಳಿ, ಅಂಗಳದ ದೀಪಕ್ಕೆ ಬೇಡ. ಇಳಿದ ಬಣ್ಣವನ್ನು ತೆಗೆಯುವ ಉಪಾಯವಿಲ್ಲ. ಅದರ ಮೇಲೆ ಇನ್ನೊಂದು ಬಿಳಿ ಎಸಳು ಕತ್ತರಿಸಿ ಅಂಟಿಸುವುದೇ ದಾರಿ.

ಅಟ್ಟದಿಂದ ಇಳಿಸಿದ ಗೂಡು

ಹೋದ ವರ್ಷದ ಗೂಡಿನ ಕೆಳಗೆ ಹಳದಿ ಮಿಶ್ರಿತ ನುಣುಪು ಪುಡಿ ಬಿದ್ದಿದ್ದರೆ ಬಿದಿರಿಗೆ ಕೊರಕ ಹುಳ ಹಿಡಿದಿದೆ. ಬಿದಿರಿನಲ್ಲಿರುವ ಪಿಷ್ಟವೇ ಅದರ ಆಹಾರ. ಸೀಳಿದ ಬಿದಿರನ್ನು ಕೆಲವು ದಿನ ನೀರಿನಲ್ಲಿ ಮುಳುಗಿಸಿಟ್ಟು ಒಣಗಿಸುವ ಹಿರಿಯರ ಪದ್ಧತಿ ಆ ಪಿಷ್ಟವನ್ನು ಕಡಿಮೆ ಮಾಡಲಿಕ್ಕೇ ಇರುವುದು. ಪುಡಿ ಉದುರುವ ಕಡ್ಡಿಯನ್ನು ಬೆರಳಿನಿಂದ ಬಾಗಿಸಿ ನೋಡಿ. ಲಟಕ್ಕನೆ ಮುರಿದರೆ ಅದೊಂದನ್ನೇ ಬದಲಿಸಿದರೆ ಸಾಕು, ಗೂಡನ್ನೆಲ್ಲ ಎಸೆಯಬೇಕಿಲ್ಲ. ಅಂಚುಗಳಲ್ಲಿ ಮಾತ್ರ ಕಾಗದ ತಿಂದುಹೋಗಿದ್ದರೆ ಅದು ಜಿರಲೆ ಅಥವಾ ಇಲಿ, ಅವು ಬಂದಿರುವುದು ಹಿಟ್ಟಿನ ಅಂಟಿಗೆ. ಇಳಿಸಿದ ದಿನವೇ ಕಾಗದ ಪೂರ್ತಿ ಬಿಡಿಸಿ, ಕಡ್ಡಿಗಳ ಮೇಲಿನ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಒಣಗಿಸಿ ಹಂದರವನ್ನಷ್ಟೇ ಮೇಲಿಡಿ. ಕರ್ಣದ ನೂಲುಗಳನ್ನು ಬಿಚ್ಚಬೇಡಿ.